ನಾನೂರೈದಕ್ಕೆ ಮದ್ದಿನ ಲೆಕ್ಕ

ಗ್ಯಾರೇಜಿನ ಬಾಗಿಲು ಹಾಕಿಬಿಡಿ. ಒಂದೆಳೆ ಗಾಳಿ ನುಗ್ಗಿದರೂ ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ. ಕೊಲರಾಡೊದಲ್ಲಿ ಡಿಸೆಂಬರ್, ಶನಿವಾರ ರಾತ್ರಿ ಎಂಟು ಗಂಟೆ. ಕಾರು ಹೊರಗೆ ಹಿಮದಲ್ಲಿ ನಿಂತಿದೆ; ಅದರ ಜಾಗದಲ್ಲಿ ಮರದ ಬೆಂಚು, ಅದಕ್ಕೆ ಬೋಲ್ಟು ಹಾಕಿ ಬಿಗಿದ ಪ್ರೆಸ್ಸು, ಮೂರು ಪುಸ್ತಕ, ಒಂದು ನೋಟ್‌ಬುಕ್ಕು. ಆ ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ಫೋನು ಬೇರೆ ಕಡೆ ಇರಲಿ, ಮದ್ದು ತೂಗುವಾಗ ನಾನು ಮಾತಾಡುವುದಿಲ್ಲ.

ಈ ತೋಟಾ ಕೈಯಲ್ಲಿ ಹಿಡಿದು ನೋಡಿ. ಉದ್ದಕ್ಕೆ ನೇರ, ಬುಡದಲ್ಲಿ ಅಂಚು. ಇದು .405 ವಿಂಚೆಸ್ಟರ್. 1904ರಲ್ಲಿ, ಕಂಪನಿಯ 1895ರ ಮಾದರಿಯ ಲಿವರ್ ಕೋವಿಗೆಂದು ಬಂತು. 300 ಗ್ರೈನ್ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಕಳಿಸುತ್ತಿತ್ತು. ಥಿಯೊಡೊರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಇದನ್ನೂ ಕೊಂಡೊಯ್ದ. ನನಗೆ ಅವನು ಮುಖ್ಯನಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಹೆಗಲ ಮೇಲೆ ಇದ್ದದ್ದು ಇದೇ ನಾನೂರೈದು. ಸಾದಲಿಯ ನಮ್ಮ ರೇಷ್ಮೆ ಹುಳುಮನೆಯಲ್ಲಿ ರಾತ್ರಿ ಸೊಪ್ಪು ಹಾಕುವ ಸರದಿ ನನ್ನದಾಗಿದ್ದಾಗ, ತೇಜಸ್ವಿಯವರು ಕನ್ನಡಕ್ಕೆ ತಂದ ಅವನ ಕಾಡಿನ ಕತೆಗಳನ್ನು ಬಲ್ಬಿನ ಕೆಳಗೆ ಕೂತು ಓದುತ್ತಿದ್ದೆ. ಹಂಗಾಗಿಯೇ ಇಷ್ಟು ವರ್ಷ ಬಿಟ್ಟು ಈ ಕೋವಿ ಕೊಂಡೆ. ಯಾವ ಪ್ರಾಣಿಗೂ ಇದನ್ನು ಎತ್ತಿದವನಲ್ಲ. 100 ಗಜ ದೂರದ ಕಾಗದವೇ ಸಾಕು. ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆಯ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದು.

ತೊಂದರೆ ಇರುವುದು ತೋಟಾದ್ದು. ಅಂಗಡಿಯಲ್ಲಿ ಕೇಳಿದರೆ ತಲೆಯಾಡಿಸುತ್ತಾರೆ. ಆದ್ದರಿಂದ ಹಾರಿಸಿದ ಹಿತ್ತಾಳೆಯ ಕೊಳವೆಗೇ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿಕೊಳ್ಳಬೇಕು. ಎಷ್ಟು ಮದ್ದು? ಜನಪ್ರಿಯ ತೋಟಾಗಳಿಗೆ ಪುಸ್ತಕದಲ್ಲಿ ಪುಟಗಟ್ಟಲೆ ಪಟ್ಟಿ ಇರುತ್ತದೆ. ನಾನೂರೈದಕ್ಕೆ ಬೆರಳೆಣಿಕೆಯ ಸಾಲು.

ಇಲ್ಲಿ ಹೆಸರನ್ನೂ ನಂಬುವ ಹಾಗಿಲ್ಲ. ಈ ಕ್ಯಾಲಿಪರ್ ತೊಗೊಳ್ಳಿ, ಗುಂಡನ್ನು ಅದರ ದವಡೆಗೆ ಕೊಡಿ. ಓದಿ. 0.411 ಇಂಚು. ಹೆಸರು ನಾನೂರೈದು, ಗುಂಡು ನಾನೂರ ಹನ್ನೊಂದು. ಹೆಸರು ನೋಡಿ ಗುಂಡು ತಂದವನು ತಪ್ಪು ಗುಂಡು ತಂದಿರುತ್ತಾನೆ.

ಈಗ ಈ ಚೀಟಿ ನೋಡಿ. ಶೂಟಿಂಗ್ ರೇಂಜಿನಲ್ಲಿ ಒಬ್ಬ ಹಿರಿಯರು ಪ್ರೀತಿಯಿಂದಲೇ ಬರೆದುಕೊಟ್ಟದ್ದು: ಒಂದು ಮದ್ದಿನ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ. ನಮ್ಮ ತಂದೆಯ ಕಾಲದಿಂದ ಇಷ್ಟೇ ಹಾಕುತ್ತಿದ್ದೇವೆ, ಏನೂ ಆಗಿಲ್ಲ ಎಂದರು. ಮನೆಗೆ ಬಂದು ಮದ್ದು ಮಾಡುವವರ ಪಟ್ಟಿ ತೆಗೆದೆ. ಅವರ ಸಂಖ್ಯೆ ಗರಿಷ್ಠ ಮಿತಿಯನ್ನೂ ದಾಟಿತ್ತು. ಅವರು ಸುಳ್ಳು ಹೇಳಿದರು ಅನ್ನುವುದಿಲ್ಲ. ಅವರ ತಂದೆಯ ಡಬ್ಬಿಯ ಮದ್ದು ಬೇರೆ, ಕೊಳವೆ ಬೇರೆ, ನಳಿಗೆ ಬೇರೆ. ಒಂದೇ ನಂಬರು ಹೊತ್ತ ಎರಡು ಮದ್ದು ಇರುತ್ತವೆ: ಐಎಂಆರ್ 4831 ಮತ್ತು ಎಚ್ 4831. ಮೊದಲನೆಯದು ಬೇಗ ಉರಿಯುತ್ತದೆ, ಎರಡನೆಯದು ನಿಧಾನ. ನಿಧಾನದ್ದರ ಲೆಕ್ಕವನ್ನು ಬೇಗ ಉರಿಯುವುದಕ್ಕೆ ಹಾಕಿದರೆ ಒತ್ತಡ ಎಲ್ಲಿಗೋ ಹೋಗುತ್ತದೆ. ಆ ಒತ್ತಡ ಬೆಳೆಯುವುದು ನಿಮ್ಮ ಕೆನ್ನೆಗೆ ಹತ್ತಿರದ ಉಕ್ಕಿನ ಒಳಗೆ.

ಹಳೇ ಪುಸ್ತಕಗಳಿಗೂ ಇದೇ ಮಾತು. ಆಗ ಒತ್ತಡ ಅಳೆಯುತ್ತಿದ್ದದ್ದು ತಾಮ್ರದ ತುಂಡು ಎಷ್ಟು ಜಜ್ಜಿತು ಎಂದು ನೋಡಿ. ಈಗ ಹರಳಿನ ಸಂವೇದಕ ಅಳೆಯುತ್ತದೆ. ಎರಡರ ಅಂಕಿ ಒಂದರ ಪಕ್ಕ ಒಂದು ಇಟ್ಟು ಹೋಲಿಸುವಂತಿಲ್ಲ. ಕೆಲವರು ಹಾರಿದ ಕೇಪು ಚಪ್ಪಟೆಯಾಗಿದೆಯೇ ನೋಡಿ ಒತ್ತಡ ಹೇಳುತ್ತಾರೆ. ಕೇಪು ಮೆದುವಾಗಿದ್ದರೆ ಸುಮ್ಮನೆಯೂ ಚಪ್ಪಟೆಯಾಗುತ್ತದೆ, ಗಟ್ಟಿಯಾಗಿದ್ದರೆ ಅಪಾಯದಲ್ಲೂ ದುಂಡಗೇ ಇರುತ್ತದೆ. ಹಾಗಾದರೆ ಕಡಿಮೆ ಹಾಕಿದರೆ ಕ್ಷೇಮವಲ್ಲವೇ ಅಂತ ಕೇಳುತ್ತೀರಿ. ಅದೂ ಅಲ್ಲ. ನಿಧಾನ ಉರಿಯುವ ಮದ್ದನ್ನು ದೊಡ್ಡ ಕೊಳವೆಯಲ್ಲಿ ಅರೆಬರೆ ಹಾಕಿದಾಗಲೂ ಕೋವಿಗಳು ಒಡೆದಿವೆ. ಪಟ್ಟಿಗೆ ಮೇಲೊಂದು ಗೆರೆ ಇದ್ದಂತೆ ಕೆಳಗೂ ಒಂದು ಗೆರೆ ಇದೆ.

ಫೋನು ಗುನುಗುತ್ತಿದೆ. ಅಪ್ಪ. ಇನ್ನೂ ಡಬ್ಬಿ ತೆರೆದಿಲ್ಲ, ಎತ್ತಬಹುದು. ಸಾದಲಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಹುಳು ಮೂರನೇ ಜ್ವರದಿಂದ, ಅಂದರೆ ಮೂರನೇ ಸಲ ಪೊರೆ ಬಿಟ್ಟು, ಎದ್ದಿವೆಯಂತೆ. ವಿಡಿಯೊದಲ್ಲಿ ನೋಡಿ: ತೆಳುಬಟ್ಟೆಯಲ್ಲಿ ವಿಜೇತ ಎಂಬ ಸೋಂಕುನಾಶಕ ಪುಡಿ ಕಟ್ಟಿಕೊಂಡು ತಟ್ಟೆಯ ಮೇಲೆ ಮೆಲ್ಲಗೆ ಉದುರಿಸುತ್ತಿದ್ದಾರೆ, ಸೊಪ್ಪು ಆಮೇಲೆ. ಹಿಂದಿನ ಗೋಡೆಗೆ ರೇಷ್ಮೆ ಇಲಾಖೆಯ ಹಾಳೆ ಅಂಟಿದೆ, ಯಾವ ಜ್ವರಕ್ಕೆ ಎಷ್ಟು ಪುಡಿ ಎಂದು. ಮಿಶ್ರತಳಿ ಬಿಟ್ಟು ದ್ವಿತಳಿಗೆ ಬಂದ ವರ್ಷ ಅಪ್ಪ ಹಳೇ ಅಂದಾಜಿಗೆ ಕೈ ಹಾಕಲಿಲ್ಲ, ಶಿಡ್ಲಘಟ್ಟಕ್ಕೆ ಹೋಗಿ ಹೊಸ ಹಾಳೆ ತಂದು ಅಂಟಿಸಿದರು. "ಏನ್ ತೂಗ್ತಾ ಇದೀಯ?" ಅಂತ ಕೇಳಿದರು. ಹೇಳಿದೆ. "ಬರೆದಿಟ್ಕೋ" ಅಂದರು, ಫೋನು ಇಟ್ಟರು.

ಸರಿ, ಕೆಲಸಕ್ಕೆ ಬರೋಣ. ಮೊದಲು ನೀರು. ಹಾರಿಸಿದ ಕೊಳವೆಯನ್ನು, ಹಳೇ ಕೇಪು ತೆಗೆಯದೆ, ತಕ್ಕಡಿಯಲ್ಲಿಡುತ್ತೇನೆ. ತೂಕ ಬರೆದುಕೊಳ್ಳಿ. ಡ್ರಾಪರಿನಿಂದ ನೀರು ಬಿಡುತ್ತಿದ್ದೇನೆ. ಕೊನೆಗೆ ಹನಿ ಹನಿ. ಬಾಯಿಯಲ್ಲಿ ನೀರು ಗುಮ್ಮಟವಾಗಿ ಉಬ್ಬಿದೆ. ಟಿಶ್ಯೂವಿನ ತುದಿ ಮುಟ್ಟಿಸಿದೆ, ಮಟ್ಟಸವಾಯಿತು. ಮತ್ತೆ ತೂಕ. ವ್ಯತ್ಯಾಸವೇ ಕೊಳವೆಯ ಹೊಟ್ಟೆ. ಇನ್ನೊಂದು ಕಂಪನಿಯ ಕೊಳವೆಗೂ ಹಾಗೇ ಮಾಡಿ. ನೋಡಿದಿರಾ, ಇದರಲ್ಲಿ ಕಡಿಮೆ ನೀರು ಹಿಡಿಯಿತು: ಗೋಡೆ ದಪ್ಪ. ಅದೇ ಮದ್ದು ಇದರೊಳಗೆ ಹೆಚ್ಚು ಒತ್ತಡ ಕೊಡುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಯಾವ ಕೊಳವೆ ಬಳಸಿದರು ಎಂಬ ಸಣ್ಣಕ್ಷರದ ಸಾಲು ನನಗೆ ಮದ್ದಿನ ಸಂಖ್ಯೆಯಷ್ಟೇ ಮುಖ್ಯ.

ಗ್ರೈನ್ ಎಂದರೆ ಎಷ್ಟು ಅಂತ ಗೊತ್ತಾಗಲು ಈ ಡಬ್ಬಿ ತೆಗೆಯಿರಿ. ಊರಿನ ಗುಲಗಂಜಿ. ಅಕ್ಕಸಾಲಿಗರ ಲೆಕ್ಕದಲ್ಲಿ ಒಂದು ಗುಲಗಂಜಿ ಸುಮಾರು 121 ಮಿಲಿಗ್ರಾಂ, ಒಂದು ಗ್ರೈನ್ 64.8. ಅಂದರೆ ಒಂದು ಕಾಳು ಎರಡು ಗ್ರೈನಿಗೆ ತುಸು ಕಡಿಮೆ. ಒಂದೊಂದೇ ಇಡಿ. ಒಂದು ಕಾಳು ಹಗುರ, ಪಕ್ಕದ್ದು ಭಾರ. ಕೆಂಪು ಒಂದೇ, ಕಪ್ಪು ಚುಕ್ಕೆ ಒಂದೇ, ತೂಕ ಒಂದಲ್ಲ. ಈಗ ಪರೀಕ್ಷೆಯ ಉಕ್ಕಿನ ಬೊಟ್ಟು ಇಟ್ಟು ತಕ್ಕಡಿಯನ್ನು ಸರಿಮಾಡಿಕೊಳ್ಳುತ್ತೇನೆ.

ಬೆಂಚಿನ ಕೆಳಗೆ ಮದ್ದಿನ ಎರಡು ಡಬ್ಬಿ ಇವೆ. ಒಂದಕ್ಕೆ ನಾನೂರೈದರ ಸಾಲು ಎಲ್ಲೂ ಸಿಗಲಿಲ್ಲ. ಹತ್ತಿರದ ತೋಟಾದ ಲೆಕ್ಕ ನೋಡಿ ನಡುವಿನ ಸಂಖ್ಯೆ ಊಹಿಸಬಹುದು, ಕಂಪ್ಯೂಟರ್ ಪ್ರೋಗ್ರಾಮೂ ಒಂದು ಸಂಖ್ಯೆ ಕೊಡುತ್ತದೆ. ನಾನು ಹಾಕುವುದಿಲ್ಲ. ಆ ಡಬ್ಬಿ ಬೀರುವಿಗೆ ವಾಪಸು. ಇನ್ನೊಂದಕ್ಕೆ ಮದ್ದು ಮಾಡುವವರ ಪಟ್ಟಿಯಲ್ಲೂ, ಗುಂಡು ಮಾಡುವವರ ಪುಸ್ತಕದಲ್ಲೂ ಸಾಲಿದೆ, ಇದೇ ತೂಕದ ಗುಂಡಿಗೆ. ಎರಡರ ಆರಂಭದ ಅಳತೆ ಒಂದೇ ಅಲ್ಲ. ಎರಡರಲ್ಲಿ ಚಿಕ್ಕದನ್ನು ನೋಟ್‌ಬುಕ್ಕಿನಲ್ಲಿ ಬರೆದೆ, ಪುಟದ ನಂಬರು, ಡಬ್ಬಿಯ ಲಾಟ್ ನಂಬರು ಸಹಿತ.

ಐದೇ ತೋಟಾ. ಪ್ರತಿಯೊಂದಕ್ಕೂ ತೂಗಿದೆ, ಸುರಿದೆ. ಗುಂಡು ಕೂರಿಸುವ ಮೊದಲು ಟಾರ್ಚ್ ನೀವೇ ಹಿಡಿಯಿರಿ, ಐದೂ ಬಾಯಿಗಳಲ್ಲಿ ಇಣುಕಿ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಿದ್ದಿರಬಹುದು. ಒಂದೇ ಮಟ್ಟವೇ? ಇನ್ನೊಮ್ಮೆ ನೋಡಿ.

ಬೆಳಿಗ್ಗೆ ರೇಂಜಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರಿಲ್ಲ. ಕನ್ನಡಕ, ಕಿವಿಮುಚ್ಚಳ ಹಾಕಿಕೊಳ್ಳಿ. ನಳಿಗೆಯ ಮುಂದೆ ವೇಗ ಅಳೆಯುವ ಯಂತ್ರ. ಮೊದಲನೆಯದು ಹೆಗಲಿಗೆ ಗುದ್ದಿತು, ಆಂಡರ್ಸನ್‌ಗೂ ಹೀಗೇ ಗುದ್ದಿರಬೇಕು. ಯಂತ್ರದ ಅಂಕಿ ಪುಸ್ತಕ ಹೇಳಿದ್ದಕ್ಕಿಂತ ತುಸು ಕೆಳಗೆ. ಲಿವರ್ ಎಳೆದೆ, ಕೊಳವೆ ಸಲೀಸಾಗಿ ಹೊರಬಿದ್ದು ಹಿಮದಲ್ಲಿ ಹೊಗೆಯಾಡಿತು. ಎತ್ತಿಕೊಡಿ, ಬಾಯಿಯ ಬಳಿ ಮಸಿ ಎಷ್ಟಿದೆ ನೋಡಿ ಬರೆದುಕೊಳ್ಳಬೇಕು. ಇನ್ನು ನಾಲ್ಕಿವೆ.