ಆಗುಂಬೆ ಘಾಟಿಯಲ್ಲಿ ಒಂದು ಪುಟ್ಟ ಕಣ್ಣು

ಉಡುಪಿಯಿಂದ ಹೊರಟು ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿದರೆ ಸೋಮೇಶ್ವರ. ಅಲ್ಲಿಯವರೆಗೆ ಅಡಿಕೆ ತೋಟ, ಗದ್ದೆ, ಹೆಂಚಿನ ಮನೆಗಳ ನಡುವೆ ಸಾಧುವಾಗಿ ಬಂದ ರಾಷ್ಟ್ರೀಯ ಹೆದ್ದಾರಿ 169ಎ ಅಲ್ಲಿಂದ ಮುಂದೆ ತನ್ನ ಸ್ವಭಾವವನ್ನೇ ಬದಲಿಸಿಬಿಡುತ್ತದೆ. ಕಾಡಿನೊಳಗೆ ತಲೆ ತೂರಿಸಿ, 14 ಹೇರ್‌ಪಿನ್ ತಿರುವುಗಳಲ್ಲಿ ಮೈಮುರಿದು, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಗೆ ಏರುತ್ತದೆ. ಕೆಳಗೆ ಉಡುಪಿ ಜಿಲ್ಲೆ, ಮೇಲೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು.

ರಜಾದಿನಗಳಲ್ಲಿ ಸೋಮೇಶ್ವರದ ಚಹಾ ಅಂಗಡಿಗಳ ಮುಂದೆ ಈಗ ಒಂದು ಹೊಸ ದೃಶ್ಯ. ಬೈಕುಗಳು ಸಾಲಾಗಿ ನಿಲ್ಲುತ್ತವೆ. ಸವಾರರು ಪೆಟ್ರೋಲು, ಬ್ರೇಕು ನೋಡುವುದಕ್ಕಿಂತ ಮೊದಲು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆಯನ್ನು ಹ್ಯಾಂಡಲ್ಲಿಗೋ, ಟ್ಯಾಂಕಿಗೋ, ಹೆಲ್ಮೆಟ್ಟಿನ ಗಲ್ಲಕ್ಕೋ ಬಿಗಿಯತೊಡಗುತ್ತಾರೆ. ಅದೇ ಆಕ್ಷನ್ ಕ್ಯಾಮೆರಾ. ತೂಕ ಸುಮಾರು 150 ಗ್ರಾಂ. ಘಾಟಿ ಏರುವುದಷ್ಟೇ ಈಗ ಸಾಲದು, ಏರಿದ್ದು ದಾಖಲಾಗಬೇಕು.

ಕಳೆದ ಅಕ್ಟೋಬರಿನ ಒಂದು ಶನಿವಾರ ಅಲ್ಲಿ ನಿಂತವರಲ್ಲಿ ಒಬ್ಬ ತಂದೆ, ಒಬ್ಬ ಮಗ. ಮಗನಿಗೆ ಇಪ್ಪತ್ತು ವರ್ಷ, ಡಿಪ್ಲೊಮಾ ವಿದ್ಯಾರ್ಥಿ; ಲೈಸೆನ್ಸ್ ಇದೆ. ತಂದೆಯ 350 ಸಿ.ಸಿ.ಯ ಒಂಟಿ ಸಿಲಿಂಡರಿನ ಹಳೆಯ ಬೈಕು. ತಂದೆ ಹಿಂದೆ ಕೂರಬೇಕು, ಇಬ್ಬರಿಗೂ ಹೆಲ್ಮೆಟ್ ಇರಬೇಕು ಎಂಬ ಎರಡು ಷರತ್ತುಗಳ ಮೇಲೆ ತಾಯಿ ಒಪ್ಪಿಗೆ ಕೊಟ್ಟಿದ್ದರು. ಕ್ಯಾಮೆರಾದ ವಿಚಾರ ಅವರಿಗೆ ಹೇಳಿರಲಿಲ್ಲ.

ಹಿಂದಿನ ಭಾನುವಾರವೇ ಮನೆಯ ಹತ್ತಿರ ಒಂದು ಪ್ರಯೋಗ ನಡೆದಿತ್ತು. ಹ್ಯಾಂಡಲ್ಲಿಗೆ ಕ್ಲ್ಯಾಂಪು ಹಾಕಿ, ಅದರ ಮೇಲೆ ಒಂದು ಗೇಣು ಉದ್ದದ ತೋಳು, ತೋಳಿನ ತುದಿಗೆ ಕ್ಯಾಮೆರಾ. ಮನೆಗೆ ಬಂದು ನೋಡಿದರೆ ರಸ್ತೆ, ತೆಂಗಿನಮರ, ಎದುರಿಗೆ ಬಂದ ಹಸು ಎಲ್ಲವೂ ತಟ್ಟೆಯಲ್ಲಿ ಅಲುಗಾಡಿಸಿದ ಹಾಲುಬಾಯಿಯ ಹಾಗೆ ತುಯ್ಯುತ್ತಿದ್ದವು. ಕ್ಯಾಮೆರಾ ಕೆಟ್ಟಿದೆ ಎಂದು ಹುಡುಗ ತೀರ್ಮಾನಿಸಿದ. ಕೆಟ್ಟಿರಲಿಲ್ಲ.

ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೂ ಪಿಸ್ಟನ್ನು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಒಂಟಿ ಸಿಲಿಂಡರಿನಲ್ಲಿ ಅದರ ಧಕ್ಕೆಯನ್ನು ಸಮತೂಗಿಸಲು ಎದುರು ಓಡುವ ಇನ್ನೊಂದು ಪಿಸ್ಟನ್ನಿಲ್ಲ. ಹೀಗಾಗಿ ಬೈಕಿನ ಚೌಕಟ್ಟು ಸೆಕೆಂಡಿಗೆ 50 ಸಲ ನಡುಗುತ್ತದೆ. ಕ್ಯಾಮೆರಾ ತೆಗೆಯುವುದು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ. ಅದರಲ್ಲೂ ಒಂದು ಚಿತ್ರವನ್ನು ಅದು ಒಂದೇ ಏಟಿಗೆ ತೆಗೆಯುವುದಿಲ್ಲ. ನಾವು ಪುಟ ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಒಂದೊಂದಾಗಿ ಓದುತ್ತದೆ. ಓದುತ್ತಿರುವಾಗಲೇ ಪುಟವನ್ನು ಯಾರೋ ಅಲುಗಾಡಿಸಿದರೆ ಅಕ್ಷರಗಳು ಸೊಟ್ಟಗಾಗುತ್ತವಲ್ಲ, ತೆಂಗಿನಮರ ತುಯ್ದದ್ದೂ ಹಾಗೆಯೇ.

ಇದಕ್ಕೆ ಆ ಉದ್ದನೆಯ ತೋಳು ತುಪ್ಪ ಸುರಿದಿತ್ತು. ಪ್ರೌಢಶಾಲೆಯ ಯಾವ ವಿದ್ಯಾರ್ಥಿಯಾದರೂ ಮಾಡಿ ನೋಡಬಹುದು: ಸ್ಟೀಲಿನ ಅಡಿಪಟ್ಟಿಯೊಂದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಚಾಚಿದ ತುದಿಯನ್ನು ಮೀಟಿದರೆ ಅದು ತನ್ನದೇ ವೇಗದಲ್ಲಿ ಕಂಪಿಸುತ್ತದೆ. ಹೊರಚಾಚಿದ ಭಾಗ ಉದ್ದವಾದಷ್ಟೂ ಕಂಪನ ನಿಧಾನ, ತೂಗಾಟ ದೊಡ್ಡದು. ಚಿಕ್ಕದಾದಷ್ಟೂ ಕಂಪನ ಚುರುಕು, ತೂಗಾಟ ಅಲ್ಪ. ತೋಳಿನ ಈ ಸ್ವಂತ ವೇಗವೂ ಎಂಜಿನ್ನಿನ ಕಂಪನದ ವೇಗವೂ ಒಂದಾದ ಗಳಿಗೆಯಲ್ಲಿ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಅಲುಗಾಟ ಹಲವು ಪಟ್ಟು ಹಿಗ್ಗುತ್ತದೆ. ಇದೇ ಅನುರಣನೆ. ಹುಡುಗನ ಚಿತ್ರ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಮಾತ್ರ ಪೂರ್ತಿ ಕಲಸಿಹೋಗಿ, ಅದಕ್ಕಿಂತ ಕಡಿಮೆಯಲ್ಲೂ ಹೆಚ್ಚಿನಲ್ಲೂ ಅಷ್ಟಿಷ್ಟು ಚೆನ್ನಾಗಿದ್ದುದಕ್ಕೆ ಕಾರಣ ಇಷ್ಟೆ. ತೋಳನ್ನು ಕಿತ್ತು, ಕ್ಯಾಮೆರಾವನ್ನು ಕ್ಲ್ಯಾಂಪಿನ ಮೇಲೆಯೇ ಕೂರಿಸಿದಾಗ ಮುಕ್ಕಾಲು ಪಾಲು ರೋಗ ವಾಸಿಯಾಯಿತು. ನಡುವೆ ರಬ್ಬರಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ರಬ್ಬರು ಎಂಜಿನ್ನಿನ ಚುರುಕು ನಡುಕವನ್ನು ನುಂಗುತ್ತದೆ, ನಿಜ. ಆದರೆ ತೀರಾ ಮೆತ್ತಗಿದ್ದರೆ ರಸ್ತೆಯ ಗುಂಡಿಗೊಮ್ಮೆ ಕ್ಯಾಮೆರಾ ತಲೆದೂಗತೊಡಗುತ್ತದೆ.

ಕ್ಯಾಮೆರಾ ಬೇಡ, ಮೊಬೈಲೇ ಸಾಕೆಂದು ಹ್ಯಾಂಡಲ್ಲಿಗೆ ಸಿಕ್ಕಿಸುವವರಿಗೆ ಒಂದು ಮಾತು. ಬೈಕಿನ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾದ ಚಿತ್ರಸ್ಥಿರತೆಯ ವ್ಯವಸ್ಥೆ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಅದರೊಳಗಿನ ಮಸೂರ ಅಯಸ್ಕಾಂತಗಳ ಸಹಾಯದಿಂದ ಕೂದಲೆಳೆಯಷ್ಟು ಸರಿದಾಡುವಂಥದ್ದು. ಗಂಟೆಗಟ್ಟಲೆ ಕುಲುಕಿದರೆ ಅದು ಬಾಳುವುದು ಹೇಗೆ?

ಈ ಪುಟ್ಟ ಕ್ಯಾಮೆರಾದ ಹುಟ್ಟಿನಲ್ಲಿ ಬೈಕಿನ ಪಾತ್ರವಿಲ್ಲ. ಅಮೆರಿಕದ ನಿಕ್ ವುಡ್‌ಮನ್ ಎಂಬಾತನಿಗೆ ಸಮುದ್ರದ ಅಲೆಗಳ ಮೇಲೆ ಹಲಗೆಯಾಟ ಆಡುತ್ತಲೇ ಚಿತ್ರ ತೆಗೆಯಬೇಕೆಂಬ ಹುಚ್ಚು. 2002ರಲ್ಲಿ ಕಂಪನಿ ಕಟ್ಟಿ, 2004ರಲ್ಲಿ ಆತ ಮಾರುಕಟ್ಟೆಗೆ ತಂದದ್ದು ಮಣಿಕಟ್ಟಿಗೆ ಕಟ್ಟಿಕೊಳ್ಳುವ, 35 ಮಿಲಿಮೀಟರ್ ಫಿಲ್ಮ್ ಸುರುಳಿಯ ಕ್ಯಾಮೆರಾ. ಕೈ ಖಾಲಿಯಿರಬೇಕು, ಗಮನ ಅಲೆಯ ಮೇಲಿರಬೇಕು, ಚಿತ್ರ ತನ್ನ ಪಾಡಿಗೆ ಬರಬೇಕು ಎಂಬುದೇ ಅದರ ಮೂಲ ಆಸೆ.

ಹ್ಯಾಂಡಲ್ಲಿನಲ್ಲಿ ಜಾಗವಿಲ್ಲದವರು ಟ್ಯಾಂಕಿನ ಮೇಲೆ ಗಾಳಿಬಟ್ಟಲು ಅಂಟಿಸುತ್ತಾರೆ. ಎಂಟು ಸೆಂಟಿಮೀಟರ್ ಅಗಲದ ಬಟ್ಟಲನ್ನು ಒತ್ತಿ ಒಳಗಿನ ಗಾಳಿಯನ್ನೆಲ್ಲ ಹೊರಹಾಕಿದರೆ, ಹೊರಗಿನ ವಾಯುಮಂಡಲ ಅದನ್ನು ಸುಮಾರು 50 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ. ಆಗುಂಬೆಯ ಎತ್ತರದಲ್ಲಿ ಆ ಬಲ ಸುಮಾರು ಶೇಕಡಾ 7ರಷ್ಟು ಕಡಿಮೆ, ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಅಂಚಿನಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಣ. ಅದರ ಸಂದಿನಿಂದ ಗಾಳಿ ಮೆಲ್ಲಗೆ ಒಳನುಸುಳಿ, ಹತ್ತನೆಯ ತಿರುವಿನಲ್ಲಿ ಬಟ್ಟಲು ಕಳಚಿಕೊಳ್ಳುತ್ತದೆ. ಅಂಟಿನ ಪಟ್ಟಿ ಬಳಸುವವರು ಜಾಗವನ್ನು ಒರೆಸಿ, ಒಣಗಿಸಿ, ಒಂದು ದಿನ ಮೊದಲೇ ಮನೆಯಲ್ಲಿ ಅಂಟಿಸಬೇಕು. ಸೋಮೇಶ್ವರದ ಹನಿಮಳೆಯಲ್ಲಿ ನಿಂತು ಅಂಟಿಸಿದ್ದು ಘಾಟಿ ಮುಗಿಯುವವರೆಗೆ ನಿಂತರೆ ಅದು ದೈವಕೃಪೆ. ಯಾವುದನ್ನೇ ಬಳಸಲಿ, ಕ್ಯಾಮೆರಾದಿಂದ ಚೌಕಟ್ಟಿಗೆ ಒಂದು ಗಟ್ಟಿ ದಾರ ಕಟ್ಟಿರಲೇಬೇಕು. ಬಿದ್ದ ಕ್ಯಾಮೆರಾ ಹೋದರೆ ಹೋಯಿತು, ಹಿಂದೆ ಬರುವ ಸ್ಕೂಟರಿನ ಚಕ್ರಕ್ಕೆ ಅದು ಕಲ್ಲಾಗಬಾರದು.

ಇನ್ನು ಹೆಲ್ಮೆಟ್. ಬಿದ್ದಾಗ ರಸ್ತೆಯ ಮೇಲೆ ಜಾರಿಹೋಗಲೆಂದೇ ಅದನ್ನು ನುಣ್ಣಗೆ, ಗುಂಡಗೆ ಮಾಡಿರುತ್ತಾರೆ. ಅದರ ಮೇಲೊಂದು ಗಟ್ಟಿ ಉಬ್ಬನ್ನು ಅಂಟಿಸಿದರೆ ಅದು ನೆಲಕ್ಕೆ ಸಿಕ್ಕಿಕೊಂಡು ಕತ್ತನ್ನು ತಿರುಚಬಹುದು. ನೋಡಲು ಚೆಂದವಾದ ಚಿತ್ರ ಅಲ್ಲಿಂದಲೇ ಬರುತ್ತದೆ ಎಂಬುದೂ ನಿಜವೇ. ಆದರೂ ತಂದೆ ಈ ಒಂದು ವಿಷಯದಲ್ಲಿ ಬಗ್ಗಲಿಲ್ಲ, ಅದು ಸರಿಯಾದ ಹಟ.

ಹುಡುಗನ ಯೋಜನೆ ಹೀಗಿತ್ತು: ಇಳಿಯುವಾಗ ಕ್ಯಾಮೆರಾ ರಸ್ತೆಯನ್ನು ನೋಡಲಿ, ಏರುವಾಗ ತನ್ನ ಮುಖ, ತಂದೆಯ ಮುಖ, ಅವರ ಬೆನ್ನ ಹಿಂದೆ ಕೆಳಗಿಳಿಯುತ್ತ ಹೋಗುವ ಕಣಿವೆ. ಹಾಗೆಂದು ಸೋಮೇಶ್ವರದಲ್ಲಿ ಅದನ್ನು ಹಿಂದಕ್ಕೆ ತಿರುಗಿಸಿ ಬಿಗಿದ. ಅದರ ಮುಂಭಾಗದಲ್ಲೊಂದು ಚಿಕ್ಕ ಪರದೆ, ಓಡುತ್ತಿದೆ ಎಂದು ಮಿನುಗುವ ಒಂದು ಕೆಂಪು ಚುಕ್ಕೆ.

ಮೊದಲ ತಿರುವುಗಳಲ್ಲಿ ಕಾಡು ರಸ್ತೆಯ ಮೇಲೆ ಬಾಗಿ ಚಪ್ಪರ ಹಾಕಿತ್ತು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನ ದಾರಿಯಿದು. ಅಕ್ಟೋಬರಿನಲ್ಲೂ ಬಂಡೆಗಳ ಸಂದಿನಿಂದ ನೀರು ಜಿನುಗುತ್ತಲೇ ಇರುತ್ತದೆ. ತಗ್ಗುಪಾಚಿ ಹಿಡಿದ ತಡೆಗೋಡೆ, ಅದರಾಚೆ ಬಿಳಿ ಮಂಜು. ಒಂದು ತಿರುವಿನಲ್ಲಿ ಬಿಸಿಲು, ಮರು ತಿರುವಿನಲ್ಲಿ ದೀಪ ಹಾಕುವಷ್ಟು ಕತ್ತಲು. ಘಾಟಿಯ ರಸ್ತೆ ಇಕ್ಕಟ್ಟು, ತಿರುವು ಬಲು ಕಡಿದು. ಮಿನಿ ಬಸ್ಸುಗಳು ಹಾರ್ನು ಹಾಕುತ್ತ, ಪೂರ್ತಿ ರಸ್ತೆಯನ್ನು ಬಳಸಿ ಹೊರಳುತ್ತವೆ. ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬುದು ಘಾಟಿಯ ನಿಯಮ.

ಏಳನೆಯ ತಿರುವಿನಲ್ಲಿ ಅಂಥದೊಂದು ಮಿನಿ ಬಸ್ಸು ಮಂಜಿನಿಂದ ಥಟ್ಟನೆ ಹೊರಬಂತು. ಬೈಕು ಬ್ರೇಕಿಗೆ ಕಿರುಚಿ, ಎಡಕ್ಕೆ ಎಳೆದು ಚರಂಡಿಯ ಅಂಚಿನಲ್ಲಿ ನಿಂತಿತು. ಬಸ್ಸೂ ನಿಂತಿತ್ತು. ಚಾಲಕ ಏನೂ ಮಾತಾಡದೆ ಹಿಂದಕ್ಕೆ ಸರಿದು ಜಾಗ ಮಾಡಿಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಸೂರ್ಯಾಸ್ತದ ಕಟ್ಟೆಯ ಹತ್ತಿರ ಬೈಕು ನಿಲ್ಲಿಸಿದ ಮೇಲೂ ತಂದೆ ಆ ಚಾಲಕನನ್ನು ಬಯ್ಯುತ್ತಲೇ ಇದ್ದರು. ಅಷ್ಟರಲ್ಲಿ ಕೋತಿಯೊಂದು ಹ್ಯಾಂಡಲ್ಲಿಗೆ ಹಾರಿ ಕ್ಯಾಮೆರಾವನ್ನು ಎಳೆಯತೊಡಗಿತು. ದಾರ ಕಟ್ಟಿದ್ದು ಸಾರ್ಥಕವಾದದ್ದು ಹಾಗೆ. ಮೋಡದಿಂದಾಗಿ ಅಂದು ಅರಬ್ಬಿ ಸಮುದ್ರವೂ ಕಾಣಲಿಲ್ಲ, ಸೂರ್ಯನೂ ಕಾಣಲಿಲ್ಲ.

ಆಗುಂಬೆಗೆ ಕ್ಯಾಮೆರಾ ಹೊಸದಲ್ಲ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್‌ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿಸಿದಾಗ ಈ ಊರೇ ಮಾಲ್ಗುಡಿಯಾಗಿತ್ತು; ಇಲ್ಲಿನ ದೊಡ್ಡಮನೆಯ ಜಗಲಿ, ಕಂಬಗಳನ್ನು ದೇಶವೆಲ್ಲ ನೋಡಿತು. ಆಗ ಕ್ಯಾಮೆರಾ ಹೊತ್ತು ತರಲು ಆಳುಗಳು ಬೇಕಿತ್ತು. ಅದನ್ನು ನೋಡಿಕೊಳ್ಳಲೆಂದೇ ಒಬ್ಬರು ಇರುತ್ತಿದ್ದರು, ನಟರು ನಟನೆಯನ್ನಷ್ಟೇ ನೋಡಿಕೊಂಡರೆ ಸಾಕಿತ್ತು.

ರಾತ್ರಿ ತಂಗಿದಲ್ಲಿ ಊಟ ಮುಗಿಸಿ ತಂದೆ-ಮಗ ಚಿತ್ರ ನೋಡಲು ಕುಳಿತರು. ಮೊದಲ ಕೆಲವು ನಿಮಿಷ ಇಬ್ಬರೂ ನಕ್ಕರು. ಹೆಲ್ಮೆಟ್ಟಿನೊಳಗೆ ಅಮುಕಿಕೊಂಡ ಕೆನ್ನೆಗಳು, ಮಗನ ಹೆಗಲ ಮೇಲಿಂದ ಇಣುಕುವ ತಂದೆ. ಎರಡನೆಯ ಸಲ ಹಾಕಿದಾಗ ತಂದೆ ನಗಲಿಲ್ಲ. ಮಗನ ಕಣ್ಣು ಆಗಾಗ ಕೆಳಗಿಳಿಯುತ್ತಿತ್ತು. ಕೆಂಪು ಚುಕ್ಕೆ ಮಿನುಗುತ್ತಿದೆಯೇ, ಮುಖ ಚೌಕಟ್ಟಿನೊಳಗಿದೆಯೇ ಎಂದು ನೋಡುವ ನೋಟ. ತಂದೆ ಎಣಿಸಿದರು. ಸೋಮೇಶ್ವರದಿಂದ ಮೇಲಿನವರೆಗೆ 23 ಸಲ. ಏಳನೆಯ ತಿರುವಿನಲ್ಲಿ ತಂದೆಯ ಬಾಯಿ ಅಗಲವಾಗಿ ತೆರೆದಿದೆ. ‘ಬಸ್ಸು’ ಎಂದು ಅವರು ಕೂಗಿದ್ದು ಗಾಳಿಯ ಸದ್ದಿನಲ್ಲಿ ಮುಳುಗಿದೆ. ಆ ಚಿತ್ರದಲ್ಲಿ ಮಗನ ಕಣ್ಣು ಕೆಳಗಿದೆ.

ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಒಂದೂವರೆ ಸೆಕೆಂಡಿನ ನೋಟಕ್ಕೆ 15 ಮೀಟರ್ ರಸ್ತೆ, ಯಾರೂ ನೋಡದೆ, ಚಕ್ರದ ಕೆಳಗೆ ಕಳೆದುಹೋಗುತ್ತದೆ. ಕ್ಯಾಮೆರಾ ಮುಂದಕ್ಕೆ ನೋಡುತ್ತಿದ್ದಿದ್ದರೆ ಮಂಜಿನಿಂದ ನುಗ್ಗಿಬಂದ ಬಸ್ಸು ಮಾತ್ರ ದಾಖಲಾಗುತ್ತಿತ್ತು. ತಪ್ಪು ಚಾಲಕನದೇ ಎಂದು ನೋಡಿದವರೆಲ್ಲ ಹೇಳುತ್ತಿದ್ದರು. ಘಾಟಿಯ ಚಿತ್ರಗಳನ್ನು ನೋಡಿ ತಾನೂ ಹೊರಡುವ ಹುಡುಗನಿಗೆ ಇನ್ನೊಂದು ಮೋಸವೂ ಕಾದಿರುತ್ತದೆ. ನೆಲದಿಂದ 25 ಸೆಂಟಿಮೀಟರ್ ಮೇಲೆ ಕಟ್ಟಿದ ಕ್ಯಾಮೆರಾಕ್ಕೆ ಕೆಳಗಿನ ಡಾಂಬರು, 140 ಸೆಂಟಿಮೀಟರ್ ಎತ್ತರದ ಸವಾರನ ಕಣ್ಣಿಗಿಂತ ಐದಾರು ಪಟ್ಟು ವೇಗವಾಗಿ ಓಡಿದಂತೆ ಕಾಣುತ್ತದೆ. ಮೂವತ್ತರಲ್ಲಿ ತೆಗೆದ ಚಿತ್ರ ಎಂಬತ್ತರದೆಂದು ತೋರುತ್ತದೆ. ಅದನ್ನು ನಂಬಿದವನು ನಿಜವಾದ ಎಂಬತ್ತಕ್ಕೆ ಕೈ ಹಾಕುತ್ತಾನೆ.

ತಂದೆ ಬಯ್ಯಲಿಲ್ಲ. ಚಿತ್ರವನ್ನು ಮಗನ ಕೈಗೆ ಕೊಟ್ಟು, ತಾನೇ ಎಣಿಸು ಎಂದರು. ಮಗನಿಗೆ ಸಿಕ್ಕಿದ್ದು 26.

ಬೆಳಿಗ್ಗೆ ಆಗುಂಬೆಯ ಅಂಗಡಿಯಲ್ಲಿ ವಿದ್ಯುತ್ ಕೆಲಸಕ್ಕೆ ಬಳಸುವ ಕಪ್ಪು ಟೇಪಿನ ಸುರುಳಿಯೊಂದನ್ನು ಕೊಂಡರು. ಪರದೆ, ಕೆಂಪು ಚುಕ್ಕೆಗಳನ್ನು ಅದರಿಂದ ಮುಚ್ಚಿ, ಕ್ಯಾಮೆರಾವನ್ನು ಮುಂದಕ್ಕೆ ತಿರುಗಿಸಿ ಬಿಗಿದು, ಹೊರಡುವ ಮೊದಲೇ ಗುಂಡಿ ಒತ್ತಿ, ಸೋಮೇಶ್ವರದವರೆಗೆ ಅದನ್ನು ಮುಟ್ಟುವುದಿಲ್ಲವೆಂದು ಮಾತಾಯಿತು. ಓಡಿತೋ ಇಲ್ಲವೋ, ಕೆಳಗೆ ಹೋದ ಮೇಲೆ ನೋಡಿದರಾಯಿತು.

ಓಡಿತ್ತು. ಆದರೆ ಮೇಲಿನಿಂದ ಮೂರನೆಯ ತಿರುವಿನಲ್ಲಿ ಕೊಂಬೆಯಿಂದ ಬಿದ್ದ ಒಂದು ನೀರಹನಿ ಮಸೂರದ ನಡುವೆಯೇ ಕುಳಿತುಬಿಟ್ಟಿತ್ತು. ಉಳಿದ ಹನ್ನೊಂದು ತಿರುವುಗಳೂ ಆ ಹನಿಯೊಳಗೆ ತಲೆಕೆಳಗಾಗಿ ಹಾದುಹೋಗಿದ್ದವು. ಸೋಮೇಶ್ವರದ ಬಿಸಿಲಿಗೆ ಬಂದ ಮೇಲೆಯೇ ಅದು ಆರಿದ್ದು.