ಸರೋವರದ ಊರಿನ ಹೊಸ ಕಡತ

ಜ್ಯೂರಿಕ್ ನಗರದಿಂದ ದಕ್ಷಿಣಾಭಿಮುಖವಾಗಿ ಹೊರಟ ರೈಲು ಅರ್ಧ ಗಂಟೆಯೊಳಗಾಗಿ ತ್ಸೂಗ್ ಪಟ್ಟಣವನ್ನು ಸೇರುತ್ತದೆ. ಹಿಮಶಿಖರಗಳ ದರ್ಶನಕ್ಕೆ ಆತುರಪಡುವ ಪ್ರವಾಸಿಗರು ಇಲ್ಲಿ ಇಳಿಯುವುದು ವಿರಳ. ಅವರ ಕಣ್ಣೆಲ್ಲ ಮುಂದಿನ ಲೂಸರ್ನಿನ ಮೇಲೆ. ಆದರೆ ಇಳಿದವರು ಪಶ್ಚಾತ್ತಾಪಪಡಬೇಕಾದ ಪ್ರಮೇಯವಿಲ್ಲ. ಸ್ವಲ್ಪ ದೂರ ನಡೆದರೆ ವಿಶಾಲವಾದ ಸರೋವರ. ಅದರಾಚೆ ರೀಗಿ, ಪಿಲಾಟುಸ್ ಪರ್ವತಗಳು. ಇಲ್ಲಿಯ ಸೂರ್ಯಾಸ್ತವನ್ನು ಆ ದೇಶದವರೇ ಕೊಂಡಾಡುತ್ತಾರೆ. ಮೀನಿನ ಬಲೆ ಎಳೆಯುವುದೆಂಬ ಅರ್ಥದ ಮಾತಿನಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ಆ ಬೆಸ್ತರ ಊರು ಈಗ ಎಳೆಯುತ್ತಿರುವ ಬಲೆಗಳೇ ಬೇರೆ!

ಹಳೆಯ ಪೇಟೆಗೆ ಹೆಬ್ಬಾಗಿಲಾಗಿ ನಿಂತಿರುವುದು ತ್ಸಿಟ್‌ಟೂರ್ಮ್ ಎಂಬ ಗಡಿಯಾರದ ಗೋಪುರ. ಎತ್ತರ 52 ಮೀಟರ್; ಛಾವಣಿಯ ಹೆಂಚುಗಳಿಗೆ ಪ್ರಾಂತದ ಬಣ್ಣಗಳಾದ ನೀಲಿ ಮತ್ತು ಬಿಳುಪು. ದೊಡ್ಡ ಗಡಿಯಾರದ ಕೆಳಗೆ 16ನೆಯ ಶತಮಾನದ ಖಗೋಳ ಗಡಿಯಾರವೊಂದಿದೆ. ಅದರ ನಾಲ್ಕು ಮುಳ್ಳುಗಳು ವಾರವನ್ನೂ ಚಂದ್ರನ ಕಲೆಯನ್ನೂ ತಿಂಗಳನ್ನೂ ಅಧಿಕ ವರ್ಷವನ್ನೂ ತೋರಿಸುತ್ತವೆ. ಪಂಚಾಂಗಕ್ಕೆ ಒಂದೇ ಅಂಗ ಕಡಿಮೆ! ಗೋಪುರದ ಬುಡದಲ್ಲಿ ಕಿರಿದಾದ ಬೀದಿಗಳು, ಮಿಠಾಯಿ ಅಂಗಡಿಗಳು. ಚೆರಿ ಹಣ್ಣಿನ ಮದ್ಯದಲ್ಲಿ ನೆನೆಸಿದ ಕಿರ್ಷ್‌ಟೋರ್ಟೆ ಎಂಬ ಕೇಕು 1915ರಲ್ಲಿ ಜನ್ಮ ತಾಳಿದ್ದು ಇಲ್ಲಿಯೇ. ನಮ್ಮಲ್ಲಿಯ ಮಡಿವಂತರು ಅದನ್ನು ಗಾಜಿನಾಚೆಯಿಂದಲೇ ನೋಡಿ ತೃಪ್ತಿಪಡಬೇಕಾದೀತು.

ಈ ಶಾಂತವಾದ ದಂಡೆಗೆ ಕರಾಳವಾದ ಚರಿತ್ರೆಯೂ ಉಂಟು. 1435ರಲ್ಲಿ ಕೆಳಗಿನ ಬೀದಿಯೊಂದು ಸರೋವರದೊಳಕ್ಕೆ ಜಾರಿ, ಸುಮಾರು 60 ಜನ ಮಡಿದರು. ನಾಲ್ಕೂವರೆ ಶತಮಾನಗಳ ತರುವಾಯ, 1887ರ ಜುಲೈ 5ರಂದು, ಅದೇ ದುರ್ಗತಿ ಮರುಕಳಿಸಿತು. ದಂಡೆಯ ಕೆಳಗಿನ ಮಣ್ಣು ಮೃದುವಾದ ಕೆಸರು. ಅದರ ಮೇಲೆ ಹೊಸ ಕಟ್ಟೆಯನ್ನು ಕಟ್ಟುವ ಕೆಲಸ ನಡೆದಿತ್ತು. ಮಧ್ಯಾಹ್ನ ಒಮ್ಮೆ, ಸಂಜೆ ಇನ್ನೊಮ್ಮೆ ನೆಲ ಕುಸಿದು 35 ಕಟ್ಟಡಗಳು ನೀರುಪಾಲಾದವು. 11 ಜನ ಸತ್ತರು. 650 ಜನ ನೆಲೆ ಕಳೆದುಕೊಂಡರು. ಮನೆಯ ಹಕ್ಕುಪತ್ರವನ್ನು ಎಷ್ಟೇ ಭದ್ರವಾಗಿ ಪೆಟ್ಟಿಗೆಯಲ್ಲಿ ಇರಿಸಿದ್ದರೇನು, ಪತ್ರ ಹೇಳುವ ನೆಲವೇ ಇಲ್ಲವಾಗಿತ್ತು.

ಇಂಥ ಊರೇ ಕಡತಗಳ ಭದ್ರತೆಗಾಗಿ ಲೋಕದ ಗಮನವನ್ನು ಸೆಳೆದದ್ದು ಸೋಜಿಗ. ಕಡಿಮೆ ತೆರಿಗೆಯ ಆಕರ್ಷಣೆಯಿಂದ ವ್ಯಾಪಾರೀ ಸಂಸ್ಥೆಗಳು ಬಹುಕಾಲದಿಂದ ಇಲ್ಲಿಗೆ ಬರುತ್ತಿದ್ದುವು. 2014ರಲ್ಲಿ ಇಥೀರಿಯಂ ಪ್ರತಿಷ್ಠಾನ ಇಲ್ಲಿ ನೆಲೆಯೂರಿತು. ಅದರ ಹಿಂದೆಯೇ ಆ ಕಸುಬಿನ ಇತರರೂ ಬಂದರು. 'ಕ್ರಿಪ್ಟೋ ಕಣಿವೆ' ಎಂಬ ಅಡ್ಡಹೆಸರು ಊರಿಗೆ ಅಂಟಿಕೊಂಡಿತು. ಹೊಸ ನೆಂಟರನ್ನು ಸತ್ಕರಿಸುವ ಉತ್ಸಾಹದಲ್ಲಿ ನಗರಸಭೆಯು 2016ರ ಜುಲೈ 1ರಿಂದ ತನ್ನ ಶುಲ್ಕಗಳನ್ನು 200 ಫ್ರಾಂಕುಗಳವರೆಗೆ ಬಿಟ್‌ಕಾಯಿನ್‌ನಲ್ಲಿ ಸ್ವೀಕರಿಸಲು ಒಪ್ಪಿತು. ಪತ್ರಿಕೆಗಳಲ್ಲಿ ಎದ್ದ ಸದ್ದು ಕಚೇರಿಯ ಕಿಟಕಿಯಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ಅದಕ್ಕಿಂತ ಗಹನವಾದ ಪ್ರಯೋಗ ನಡೆದದ್ದು 2017ರ ನವೆಂಬರಿನಲ್ಲಿ. ಅದನ್ನು ತಿಳಿಯಬೇಕಾದರೆ ಬ್ಲಾಕ್‌ಚೈನ್ ಎಂದರೇನೆಂದು ಅರಿಯಬೇಕು. ಶಾನುಭೋಗರ ಕಡತವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಪ್ರತಿಯೊಂದು ಹಾಳೆಯ ತಲೆಯ ಮೇಲೂ ಹಿಂದಿನ ಹಾಳೆಯ ಎಲ್ಲ ಅಕ್ಷರಗಳಿಂದ ಗಣಿಸಿ ತೆಗೆದ ಗುರುತಿನ ಸಂಖ್ಯೆಯೊಂದು ಇರುತ್ತದೆ. ಹಳೆಯ ಹಾಳೆಯಲ್ಲಿ ಒಂದೇ ಒಂದು ಅಂಕಿಯನ್ನು ತಿದ್ದಿದರೂ ಮುಂದಿನ ಎಲ್ಲ ಸಂಖ್ಯೆಗಳು ತಾಳೆ ತಪ್ಪುತ್ತವೆ. ಮೇಲಾಗಿ, ಆ ಕಡತ ಒಬ್ಬ ಶಾನುಭೋಗರ ಮನೆಯಲ್ಲಿಲ್ಲ. ದೇಶದೇಶಗಳ ಸಾವಿರಾರು ಗಣಕಯಂತ್ರಗಳಲ್ಲಿ ಅದರ ಪ್ರತಿಗಳಿವೆ. ರಾತ್ರೋರಾತ್ರಿ ಹಾಳೆ ಹರಿಯುವುದು ಯಾರಿಗೂ ಸುಲಭವಲ್ಲ. ಆದರೆ ಮೊದಲ ದಿನವೇ ಸುಳ್ಳು ಬರೆದರೆ? ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ! ಯಂತ್ರವು ತಿದ್ದುಪಡಿಯನ್ನು ಹಿಡಿದೀತೇ ಹೊರತು ಅಸತ್ಯವನ್ನಲ್ಲ.

ತ್ಸೂಗಿನ ಅಧಿಕಾರಿಗಳು ಈ ಮರ್ಮವನ್ನು ಬಲ್ಲವರಾಗಿದ್ದರು. ನಿವಾಸಿಯು ಯೂಪೋರ್ಟ್ ಎಂಬ ತಂತ್ರಾಂಶವನ್ನು ತನ್ನ ಮೊಬೈಲಿನಲ್ಲಿ ಅಳವಡಿಸಿ, ಇಥೀರಿಯಂ ಸರಪಳಿಯಲ್ಲಿ ಒಂದು ವಿಳಾಸವನ್ನು ಪಡೆಯಬೇಕು. ಅನಂತರ 14 ದಿನಗಳೊಳಗಾಗಿ ಗುರುತಿನ ಪತ್ರದೊಂದಿಗೆ ನಗರಸಭೆಯ ನಿವಾಸಿಗಳ ನೋಂದಣಿ ಕಚೇರಿಗೆ ತಾನೇ ಬರಬೇಕು. ಗುಮಾಸ್ತರು ಮುಖವನ್ನೂ ಪತ್ರವನ್ನೂ ಹೋಲಿಸಿ ನೋಡಿದ ಮೇಲೆಯೇ ನಗರದ ವಿದ್ಯುನ್ಮಾನ ಮುದ್ರೆ. ಹೆಸರು, ಜನ್ಮದಿನಾಂಕ ಮುಂತಾದ ಖಾಸಗಿ ವಿವರಗಳು ಸರಪಳಿಯನ್ನು ಸೇರುತ್ತಿರಲಿಲ್ಲ. ಅವು ನಿವಾಸಿಯ ಮೊಬೈಲಿನಲ್ಲಿಯೇ ಗೂಢಲಿಪಿಯಲ್ಲಿ ಇರುತ್ತಿದ್ದುವು. ಎಲ್ಲರ ವಿವರಗಳೂ ಒಂದೇ ಉಗ್ರಾಣದಲ್ಲಿದ್ದರೆ ಕಳ್ಳನಿಗೆ ಒಂದೇ ಬೀಗ ಮುರಿದರೆ ಸಾಕು ಎಂಬುದು ಇದರ ಹಿಂದಿನ ವಿವೇಕ. ಇಷ್ಟೆಲ್ಲ ಹೊಸತನದ ನಡುವೆಯೂ ನಂಬಿಕೆಯ ಮೊದಲ ಗಂಟು ಬಿದ್ದದ್ದು ಮೇಜಿನ ಎರಡು ಬದಿಗಳಲ್ಲಿ ಎದುರುಬದುರಾಗಿ ಕುಳಿತ ಇಬ್ಬರು ಮನುಷ್ಯರ ನಡುವೆ.

2018ರ ಜೂನ್ 25ರಿಂದ ಜುಲೈ 1ರವರೆಗೆ ಈ ಗುರುತಿನ ನೆರವಿನಿಂದ ಒಂದು ಪ್ರಾಯೋಗಿಕ ಮತದಾನವೂ ನಡೆಯಿತು. ಸರೋವರದ ಉತ್ಸವದಲ್ಲಿ ಬಾಣಬಿರುಸು ಬೇಕೇ ಎಂಬುದು ಕೇಳಿದ ಪ್ರಶ್ನೆಗಳಲ್ಲಿ ಒಂದು. ಫಲಿತಾಂಶಕ್ಕೆ ಕಾನೂನಿನ ಬಂಧನವಿರಲಿಲ್ಲ. ಭಾಗವಹಿಸಬಹುದಾಗಿದ್ದ 240 ಜನರಲ್ಲಿ ಮತ ಹಾಕಿದವರು 72. ಸುಮಾರು 30,000 ಜನರಿರುವ ಪಟ್ಟಣದಲ್ಲಿ ಇದು ಹಿಡಿಯಷ್ಟು. ಅಸಡ್ಡೆಯೇ ಇದಕ್ಕೆ ಕಾರಣವೆನ್ನುವುದು ಅನ್ಯಾಯವಾದೀತು. ಅಂಚೆಯಲ್ಲಿ ಮತಪತ್ರ ಮನೆಗೆ ಬರುವ, ಕಚೇರಿಯ ಕಾಗದಪತ್ರಗಳು ಕಳೆದುಹೋಗದ ಊರು ಅದು. ದಾಹವಿಲ್ಲದವನ ಮುಂದೆ ಬಾವಿ ತೋಡಿದಂತಾಯಿತು. ನಿಜವಾಗಿ ಬಾವಿ ಬೇಕಾದ ಊರುಗಳು ಬೇರೆ ಇವೆ. ಅಲ್ಲಿ ಮೊದಲ ಹಾಳೆಯನ್ನು ಪ್ರಾಮಾಣಿಕವಾಗಿ ಬರೆಯುವುದೇ ಕಷ್ಟ.

ಯೂಪೋರ್ಟ್ ಯೋಜನೆಯು 2021ರಲ್ಲಿ ಬೇರೆ ರೂಪಗಳಿಗೆ ದಾರಿಬಿಟ್ಟು ತೆರೆಮರೆಗೆ ಸರಿಯಿತು. ಅದೇ ವರ್ಷದ ಮಾರ್ಚ್ 7ರಂದು, ಖಾಸಗಿ ಸಂಸ್ಥೆಗಳು ವಿದ್ಯುನ್ಮಾನ ಗುರುತನ್ನು ನೀಡುವ ಕಾನೂನನ್ನು ಸ್ವಿಸ್ ಪ್ರಜೆಗಳು ಭಾರಿ ಬಹುಮತದಿಂದ ತಳ್ಳಿಹಾಕಿದರು. 2025ರ ಸೆಪ್ಟೆಂಬರ್ 28ರಂದು, ಸರ್ಕಾರವೇ ಗುರುತನ್ನು ನೀಡುವುದೆಂಬ ಹೊಸ ಕಾನೂನು ಮತಕ್ಕೆ ಬಂದಾಗ ಒಪ್ಪಿದರಾದರೂ, ಒಪ್ಪಿದವರು ನೂರಕ್ಕೆ ಐವತ್ತಕ್ಕಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚು.

ಪ್ರಾಂತದ ಖಜಾನೆ ಮಾತ್ರ ಹೊಸ ನಾಣ್ಯವನ್ನು ಕೈಬಿಡಲಿಲ್ಲ. 2021ರಿಂದ ತೆರಿಗೆಯನ್ನು ಬಿಟ್‌ಕಾಯಿನ್ ಅಥವಾ ಈಥರ್‌ನಲ್ಲಿ ಸಲ್ಲಿಸುವ ಅವಕಾಶ ಬಂದಿತು. ಮೊದಲಿದ್ದ 1,00,000 ಫ್ರಾಂಕುಗಳ ಮಿತಿ 2023ರಲ್ಲಿ 15 ಲಕ್ಷಕ್ಕೆ ಏರಿತು. ಆದರೆ ಜಾಣ ಖಜಾಂಚಿಯು ಆ ನಾಣ್ಯವನ್ನು ಮುಟ್ಟುವುದೇ ಇಲ್ಲ. ಮಧ್ಯವರ್ತಿ ಸಂಸ್ಥೆಯೊಂದು ಅದನ್ನು ಕೂಡಲೇ ಫ್ರಾಂಕುಗಳಾಗಿ ಮಾರ್ಪಡಿಸಿ, ಪೂರ್ಣ ಮೊತ್ತವನ್ನು ಪ್ರಾಂತಕ್ಕೆ ಕಟ್ಟುತ್ತದೆ. ನಾಣ್ಯದ ಬೆಲೆ ಏರಿದರೂ ಇಳಿದರೂ ತ್ಸೂಗಿನ ಖಜಾನೆಯ ಪುಸ್ತಕದಲ್ಲಿ ಬರೆಯುವ ಅಂಕಿ ಅದೇ ಹಳೆಯ ಫ್ರಾಂಕಿನದು.