ಮರ ಆರುವವರೆಗೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟ ರೈಲು ಬಿಡದಿಯನ್ನು ದಾಟಿ, ರಾಮನಗರದ ಬೋಳುಬಂಡೆಗಳನ್ನು ಹಿಂದೆ ಹಾಕಿ, ಸುಮಾರು 60 ಕಿಲೋಮೀಟರು ಸಾಗಿದ ಮೇಲೆ ಚನ್ನಪಟ್ಟಣವನ್ನು ಮುಟ್ಟುತ್ತದೆ. 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದ ಈ ಊರು ಅನಂತರ ಹೊಸದಾಗಿ ರಚಿತವಾದ ರಾಮನಗರ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು 2025ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಜಿಲ್ಲೆಯ ಹೆಸರು ಏನಾದರೇನು, ಜನರ ಬಾಯಲ್ಲಿ ಇದು ಬೊಂಬೆಗಳ ಊರು.

ಅಂಗಡಿಯ ಮುಂದೆ ನಿಂತವನ ಕಣ್ಣಿಗೆ ಬೀಳುವುದು ಬಣ್ಣ. ಕೆಂಪು, ಹಳದಿ, ಹಸುರು ಅರಗಿನ ಹೊಳಪು. ತಿರುಗುವ ಬುಗುರಿ, ತಲೆಯಾಡಿಸುವ ಬೊಂಬೆ, ಕುಂಕುಮದ ಭರಣಿ, ಹಣ್ಣಿಡುವ ಬೋಗುಣಿ. ಟಿಪ್ಪು ಸುಲ್ತಾನನು ಪಾರಸಿ ದೇಶದಿಂದ ಕುಶಲಕರ್ಮಿಗಳನ್ನು ಕರೆಸಿದನೆಂದೂ ಈ ಕಲೆ ಅವರಿಂದ ನೆಲೆಯೂರಿತೆಂದೂ ಊರಿನವರು ಹೇಳುತ್ತಾರೆ. ಆದರೆ ಈ ಹೊಳಪಿನ ಹಿಂದೆ ಬಣ್ಣವಿಲ್ಲದ, ಸದ್ದಿಲ್ಲದ ಒಂದು ಕಾಲವಿದೆ. ಅದು ಮರ ಆರುವ ಕಾಲ.

ಇಲ್ಲಿಯ ಕಸುಬಿಗೆ ಆಧಾರವಾದದ್ದು ಆಲೆ ಮರ. ದಂತದಂತೆ ಬಿಳಿದು, ನಯವಾದ ಎಳೆಯದು. ಉಳಿಗೆ ಸುಲಭವಾಗಿ ಒಲಿಯುತ್ತದೆ. ಕಡಿದ ಹಸಿಮರದಲ್ಲಿ ನೀರು ತುಂಬಿರುತ್ತದೆ. ಮೊದಲು ಆರುವುದು ಮರದ ಕೋಶಗಳ ಒಳಗಿನ ನೀರು. ಆಗ ಮರ ಹಗುರವಾಗುತ್ತದೆಯೇ ಹೊರತು ಆಕಾರ ಬದಲಾಗುವುದಿಲ್ಲ. ತೇವಾಂಶವು ಶೇಕಡಾ 25–30ಕ್ಕಿಂತ ಕೆಳಗಿಳಿದಾಗ ಕೋಶದ ಗೋಡೆಯೇ ನೀರು ಬಿಡುತ್ತದೆ, ಮರ ಕುಗ್ಗತೊಡಗುತ್ತದೆ. ಈ ಕುಗ್ಗುವಿಕೆ ಎಲ್ಲ ಕಡೆ ಸಮವಲ್ಲ. ಉದ್ದಕ್ಕೆ ಅದು ಇಲ್ಲವೆನ್ನುವಷ್ಟು ಅಲ್ಪ, ಅಡ್ಡಕ್ಕೆ ಹೆಚ್ಚು, ಅದರಲ್ಲಿಯೂ ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗುವಿಕೆಯು ಸಾಮಾನ್ಯವಾಗಿ ತಿರುಳಿನ ದಿಕ್ಕಿನದಕ್ಕಿಂತ ಸುಮಾರು ಎರಡು ಪಾಲು. ಆದುದರಿಂದಲೇ ಹಸಿಮರದಲ್ಲಿ ಗುಂಡಗೆ ಕಡೆದ ಬಟ್ಟಲು ಆರಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಇದಕ್ಕೆ ಜಗತ್ತಿನ ಕಡಸಲುಗಾರರೆಲ್ಲ ಕಂಡುಕೊಂಡ ಉಪಾಯ ಒಂದೇ: ಬಟ್ಟಲನ್ನು ಎರಡು ಸಲ ಕಡೆಯುವುದು. ಮೊದಲ ಸಲ ಒರಟಾಗಿ, ಅಗಲದ ಹತ್ತನೆಯ ಒಂದು ಪಾಲಿನಷ್ಟು ದಪ್ಪ ಬಿಟ್ಟು. ಹತ್ತು ಅಂಗುಲದ ಬೋಗುಣಿಗೆ ಒಂದು ಅಂಗುಲದ ಗೋಡೆ. ಅದು ಅಡ್ಡಕ್ಕೆ ಅರ್ಧ ಅಂಗುಲ ಕುಗ್ಗಿದರೂ, ಮತ್ತೆ ಗುಂಡಗೆ ಮಾಡಿದಾಗ ಗೋಡೆಯಲ್ಲಿ ಮುಕ್ಕಾಲು ಅಂಗುಲ ಉಳಿಯುತ್ತದೆ. ಬೇಕಾದಷ್ಟು ತೆಳ್ಳಗೆ ಮಾಡಬಹುದು. ಮೊದಲೇ ಕಾಲು ಅಂಗುಲಕ್ಕೆ ಇಳಿಸಿದ್ದರೆ, ಗುಂಡಗೆ ಮಾಡಹೋದಾಗ ಒಂದೆಡೆ ಗೋಡೆಯೇ ಉಳಿಯದು!

ಹೀಗೆ ಒರಟಾಗಿ ಕಡೆದ ಬಟ್ಟಲು ಬೇಗ ಆರಬಾರದು. ಹೊರಮೈ ಒಣಗಿ ಒಳಗು ಹಸಿಯಾಗಿದ್ದರೆ ಬಿರುಕು ತಪ್ಪಿದ್ದಲ್ಲ. ಎಳೆ ಕಡಿದ ತುದಿಗಳಿಂದ ನೀರು ಬೇಗನೆ ಹೊರಡುವುದರಿಂದ ಅಲ್ಲಿ ಮೇಣ ಬಳಿಯುತ್ತಾರೆ. ಬಟ್ಟಲನ್ನು ಕಾಗದದ ಚೀಲದಲ್ಲಿಯೋ ಒಣ ಹೊಟ್ಟಿನಲ್ಲಿಯೋ ಮುಚ್ಚಿ, ಬಿಸಿಲು ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿಡುತ್ತಾರೆ. ಕೆಲವು ವಾರಗಳ ಅನಂತರ ಹಲಗೆಸಂದಿಯ ಅಟ್ಟಣೆಗೆ ಏರಿಸಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಮಳೆಗಾಲದಲ್ಲಿ ಕಷ್ಟ ಬೇರೆಯದು: ಗಾಳಿಯಿಲ್ಲದ ಕಡೆ ಬೂಷ್ಟು ಹಿಡಿದು ಬಿಳಿಯ ಮರಕ್ಕೆ ಕಪ್ಪು ಕಲೆ ಕೂರುತ್ತದೆ. ಬೇಸಗೆಯಲ್ಲಿ ಗಾಳಿಗೆ ಹೆದರಬೇಕು, ಮಳೆಗಾಲದಲ್ಲಿ ಗಾಳಿಗಾಗಿ ಹಂಬಲಿಸಬೇಕು.

ಆರಿತೆಂದು ತಿಳಿಯುವುದು ಹೇಗೆ? ತಕ್ಕಡಿಯೇ ಸಾಕ್ಷಿ. ಬಟ್ಟಲಿನ ತಳದಲ್ಲಿ ತೂಕವನ್ನೂ ದಿನಾಂಕವನ್ನೂ ಬರೆದಿಟ್ಟು, ವಾರಕ್ಕೊಮ್ಮೆ ತೂಗಬೇಕು. ತೂಕ ಇಳಿಯುವುದು ನಿಂತ ದಿನ, ಮರವು ಸುತ್ತಲಿನ ಗಾಳಿಯೊಡನೆ ರಾಜಿಯಾಯಿತೆಂದು ಅರ್ಥ. ಅನಂತರವೇ ಎರಡನೆಯ ಕಡೆತ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಹಿಡಿಯುತ್ತದೆ. ತಾಳೆಗರಿ ಹೊಳಪು ಕೊಡುತ್ತದೆ. ಒಳಗಿನ ಮರ ಹಸಿಯಾಗಿದ್ದರೆ ಈ ಸೊಬಗೆಲ್ಲ ಕೆಲವೇ ತಿಂಗಳು. ಮರ ಕುಗ್ಗಿದಂತೆ ಭರಣಿಯ ಮುಚ್ಚಳ ಸಿಕ್ಕಿಕೊಳ್ಳುತ್ತದೆ, ಅರಗು ಬಿರಿಯುತ್ತದೆ.

ಶಾಸ್ತ್ರ ಇಷ್ಟು ಸರಳ. ಬಾಳು ಅಷ್ಟು ಸರಳವಲ್ಲ. ಅಟ್ಟಣೆಯ ಮೇಲೆ ತಿಂಗಳುಗಟ್ಟಲೆ ಕುಳಿತ ಮರವೆಂದರೆ ತಿಂಗಳುಗಟ್ಟಲೆ ಕುಳಿತ ಹಣ. ಮರದ ಬೆಲೆ ಇಂದೇ ತೆರಬೇಕು, ಮಕ್ಕಳ ಶಾಲೆಯ ಶುಲ್ಕ ಇಂದೇ ಕಟ್ಟಬೇಕು. ಬಟ್ಟಲಿನ ಬೆಲೆ ಮಾತ್ರ ಅದು ಆರಿದ ಮೇಲೆ. ಹಬ್ಬ ಹತ್ತಿರವಾಯಿತೆಂದು ವರ್ತಕನು ಅವಸರಪಡಿಸಿದರೆ, ಬಡ ಕಡಸಲುಗಾರನು ಅರೆ ಆರಿದ ಮರವನ್ನು ಕಡೆಯಲು ಕೈ ಹಾಕುವನು. ಅದು ಅವನ ಅಜ್ಞಾನವಲ್ಲ, ಅವನ ಅಡುಗೆಮನೆಯ ಒತ್ತಾಯ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವು ಊರನ್ನು ಬಳಸಿಕೊಂಡು ಹೋದದ್ದರಿಂದ, ಹಳೆಯ ರಸ್ತೆಯ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳೂ ವಿರಳವಾಗಿವೆ. ಕಾಯುವ ಶಕ್ತಿ ಇನ್ನಷ್ಟು ಕುಂದಿದೆ.

ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆ ಮನ್ನಣೆ ಹೆಸರನ್ನು ಕಾಪಾಡಬಲ್ಲದು, ಬಿರುಕನ್ನು ತಡೆಯಲಾರದು. ತಡೆಯಬಲ್ಲದ್ದು ನೆರಳಿನ ಒಂದು ಮೂಲೆ, ಒಂದು ತಕ್ಕಡಿ, ಮತ್ತು ಕಾಯುವವನ ಮನೆಯಲ್ಲಿ ಅಷ್ಟು ದಿನದ ಅಕ್ಕಿ. ಮಕ್ಕಳಿಗೆ ಬುಗುರಿಯನ್ನೂ ಮನೆಗೆ ಬಟ್ಟಲನ್ನೂ ಕೊಳ್ಳುವ ಗೃಹಸ್ಥರು ಬೆಲೆ ಕೇಳುವಾಗ ಮರ ಎಷ್ಟು ದಿನ ಆರಿದೆಯೆಂದೂ ಒಂದು ಮಾತು ಕೇಳಿದರೆ, ಕಾದವನ ಕಾಯುವಿಕೆಗೂ ಬೆಲೆ ಬಂದೀತು.